ಬೆನ್ನ ಮೇಲಿನ ಬಿಸಿಲು

ಬೆಟ್ಟಕ್ಕೆ ಹೊರಟವರ ಬ್ಯಾಗಿನಲ್ಲಿ ಅವಲಕ್ಕಿ, ಟಾರ್ಚು, ಹೊದಿಕೆಗಳ ಜತೆಗೆ ಈಗ ಮಡಚುವ ಸೋಲಾರ್ ಪ್ಯಾನೆಲ್ಲಿಗೂ ಜಾಗವಿದೆ. ನನಗದು ಬಹಳ ಇಷ್ಟದ ವಸ್ತು. ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ಮೊಬೈಲು ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ದಾರಿಯ ನಕ್ಷೆ ಇರುವುದು ಅದರಲ್ಲೇ, ಯಾರದಾದರೂ ಕಾಲು ಉಳುಕಿದರೆ ಕರೆ ಮಾಡಬೇಕಾದದ್ದೂ ಅದರಲ್ಲೇ. ಅಂಥ ಹೊತ್ತಿಗೆ ಬಿಸಿಲನ್ನು ಕರೆಂಟಾಗಿಸಿ ಕೊಡುವ ವಸ್ತುವನ್ನು ಜನ ಹೊರುವ ರೀತಿ ನೋಡಿದರೆ ಸಂಕಟವಾಗುತ್ತದೆ. ಬ್ಯಾಗಿನ ಹೊರಗೆ ನೇತುಹಾಕುತ್ತಾರೆ, ಜೀಪಿನ ಮೇಲಿಂದ ಬ್ಯಾಗಿನ ಸಮೇತ ಎಸೆಯುತ್ತಾರೆ, ದಣಿದಾಗ ಅದರ ಮೇಲೇ ಕೂರುತ್ತಾರೆ.

ಮೇಲೆ ಪ್ಲಾಸ್ಟಿಕ್ ಹೊದಿಕೆ, ಹಿಂದೆ ದಪ್ಪ ಬಟ್ಟೆ; ಮುಟ್ಟಿದರೆ ಗಟ್ಟಿಮುಟ್ಟಾಗಿಯೇ ಇದೆ ಅನ್ನಿಸುತ್ತದೆ. ಒಳಗಿನ ಸಿಲಿಕಾನ್ ಬಿಲ್ಲೆ ಮಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ತೆಳು. ಅಜ್ಜಿಯ ಮನೆಯಿಂದ ಹಪ್ಪಳ ತರುವವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬರುತ್ತಾರಲ್ಲ, ಈ ಬಿಲ್ಲೆಗೂ ಅಷ್ಟೇ ಜೋಪಾನ ಬೇಕು. ಹಪ್ಪಳ ಮುರಿದರೆ ಕಾಣುತ್ತದೆ. ಇದರ ಬಿರುಕು ಎಷ್ಟೋ ಸಲ ಬರಿಗಣ್ಣಿಗೆ ಕಾಣುವುದೇ ಇಲ್ಲ. ಒಂದು ಬಿಲ್ಲೆ ಕೊಡುವುದು ಸುಮಾರು ಅರ್ಧ ವೋಲ್ಟ್. ಅದಕ್ಕೇ ಹಲವನ್ನು ಒಂದರ ಬೆನ್ನಿಗೆ ಒಂದರಂತೆ ಸಾಲಾಗಿ ಜೋಡಿಸಿರುತ್ತಾರೆ. ಅದರಲ್ಲೊಂದು ಒಡೆದು ಅದರ ಒಂದು ಭಾಗ ಸಂಪರ್ಕ ಕಳೆದುಕೊಂಡರೆ ಇಡೀ ಸಾಲಿನ ಕರೆಂಟು ಕುಗ್ಗುತ್ತದೆ, ಆ ಬಿಲ್ಲೆ ವಿಪರೀತ ಬಿಸಿಯಾಗಲೂಬಹುದು. ಇದು ಗೊತ್ತಾಗುವುದು ಎರಡನೆಯ ದಿನ ಸಂಜೆ, ಎಲ್ಲ ಪವರ್ ಬ್ಯಾಂಕುಗಳೂ ಬರಿದಾದ ಮೇಲೆ.

ಪ್ಯಾನೆಲ್ಲಿನ ಜಾಗ ಬ್ಯಾಗಿನ ಒಳಗೆ, ಬೆನ್ನಿಗೆ ತಾಗುವ ಬದಿಯಲ್ಲಿ, ಲ್ಯಾಪ್‌ಟಾಪಿಗೆಂದು ಹೊಲಿದ ಕಿಸೆಯಲ್ಲಿ. ಹೊಲಿಗೆ ಇರುವ ಕಡೆ ಮಾತ್ರ ಮಡಚಬೇಕು, ಬಿಲ್ಲೆಗಳು ಒಳಮುಖವಾಗಿರಬೇಕು. ಪಕ್ಕದಲ್ಲಿ ಬಟ್ಟೆ ಬರಲಿ, ಚಾಪೆ ಬರಲಿ. ಸ್ಟವ್ವು, ಪಾತ್ರೆ ಬೇಡವೇ ಬೇಡ. ಅನೇಕರು ವೈರನ್ನು ಸುತ್ತಿ ಮಡಿಕೆಯ ನಡುವೆ ತುರುಕುತ್ತಾರೆ. ಮೇಲಿನ ಭಾರಕ್ಕೆ ಅದರ ಗಟ್ಟಿ ಪಿನ್ನು ಒತ್ತಿ ಒತ್ತಿ ಒಳಗಿನ ಬಿಲ್ಲೆ ಬಿರಿಯುತ್ತದೆ. ಮಳೆಗೆ ಪ್ಯಾನೆಲ್ಲಿನ ಮೈ ಜಗ್ಗದಿದ್ದರೂ ಯುಎಸ್‌ಬಿ ಕಿಂಡಿಗೆ ನೀರು ಆಗದು, ಆದ್ದರಿಂದ ನೀರು ಹೋಗದ ಚೀಲವೊಂದು ಇರಲೇಬೇಕು. ಕಾರಿನಲ್ಲಿ ಗಾಜಿನ ದೊಡ್ಡ ಪ್ಯಾನೆಲ್ ಒಯ್ಯುವವರು ಅದನ್ನು ಮಲಗಿಸಿ ಮೇಲೆ ಸಾಮಾನು ಹೇರದೆ, ಸೀಟಿನ ಹಿಂದೆ ನೆಟ್ಟಗೆ ನಿಲ್ಲಿಸಿ ಕಟ್ಟಿಕೊಳ್ಳಲಿ.

ನಡೆಯುತ್ತಲೇ ಚಾರ್ಜ್ ಆಗಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಕುಕ್ಕೆ ಸುಬ್ರಹ್ಮಣ್ಯದಿಂದ 1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೊರಟವರು ದಾರಿಯ ನಡುವೆ ಸಿಗುವ ಭಟ್ಟರ ಮನೆಯ ಹತ್ತಿರದವರೆಗೂ ದಟ್ಟ ಕಾಡಿನಲ್ಲೇ ನಡೆಯಬೇಕು. ಅಲ್ಲಿ ಬೆನ್ನ ಮೇಲಿನ ಪ್ಯಾನೆಲ್ಲಿಗೆ ಸಿಗುವುದು ಎಲೆಗಳ ನೆರಳು, ಕೊಂಬೆಗಳ ಗೀರು. ಒಂದೇ ಬಿಲ್ಲೆಗೆ ನೆರಳು ಬಿದ್ದರೂ ಸಾಲು ಸೊರಗುತ್ತದೆ. ಮುಂದೆ ಹುಲ್ಲುಗಾವಲಿನಲ್ಲಿ ಬಿಸಿಲು ಧಾರಾಳವಾಗಿದ್ದರೂ ದಾರಿ ತಿರುಗಿದಂತೆಲ್ಲ ಬೆನ್ನೂ ತಿರುಗುತ್ತಿರುತ್ತದೆ. ಅದಕ್ಕಿಂತ ಊಟಕ್ಕೆ ಕೂತಾಗ ಸೂರ್ಯನಿಗೆ ಎದುರಾಗಿ ಹರಡಿ, ಗಾಳಿಗೆ ಹಾರದಂತೆ ಮೂಲೆಗಳನ್ನು ಕಟ್ಟಿಬಿಡುವುದು ಎಷ್ಟೋ ಮೇಲು. ಪವರ್ ಬ್ಯಾಂಕನ್ನು ಪ್ಯಾನೆಲ್ಲಿನ ಹಿಂದಿನ ನೆರಳಿನಲ್ಲಿಡಿ; ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಅಪಾಯ. ಲೇಹ್‌ಗೆ ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಸಾಮಾನಿಗೆ ಹಾಕುವಂತಿಲ್ಲ.

ಒಂದೇ ರಾತ್ರಿಯ ಪ್ರವಾಸಕ್ಕೆ ಪ್ಯಾನೆಲ್ ಬೇಕಿಲ್ಲ, ತುಂಬಿದ ಪವರ್ ಬ್ಯಾಂಕು ಸಾಕು. ಮೂರು ನಾಲ್ಕು ದಿನದ ದಾರಿಯಾದರೆ ಹೊರಡುವ ಮೊದಲು ಮನೆಯ ತಾರಸಿಯ ಬಿಸಿಲಿನಲ್ಲಿ ಒಮ್ಮೆ ಚಾರ್ಜ್ ಮಾಡಿ ನೋಡಿ. ದಾರಿಯಲ್ಲಿ ಪ್ಯಾನೆಲ್ ಒಡೆದರೆ, ಕೆಲಸಕ್ಕೆ ಬಾರದ ಭಾರವೆಂದು ಪೊದೆಯಲ್ಲಿ ಬಿಟ್ಟು ಬರಬೇಡಿ. ಸೌರಫಲಕಗಳು ನಮ್ಮ ದೇಶದ 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಕೆಳಗೆ ತಂದು ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೇ ಕೊಡಿ.