ದೊರೆಯ ಆಟದ ಮನೆ

ಮೈಸೂರು ನೋಡಲು ಹೋದವರು ಅಂಬಾವಿಲಾಸ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಎಲ್ಲ ಮುಗಿಸಿ, ಹೊತ್ತು ಉಳಿದರೆ ಜಗನ್ಮೋಹನ ಅರಮನೆಯತ್ತ ಹೆಜ್ಜೆ ಹಾಕುತ್ತಾರೆ. ಅಲ್ಲಿಯೂ ಹೆಚ್ಚಿನವರು ಹುಡುಕುವುದು ಹಲ್ದನಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು. ಆಮೇಲೆ ರವಿವರ್ಮನ ಚಿತ್ರಗಳು, ಪುಟ್ಟ ಸಿಪಾಯಿಗಳು ಕವಾಯತು ಮಾಡುವ ಫ್ರೆಂಚ್ ಗಡಿಯಾರ. ಅಷ್ಟರಲ್ಲಿ ಕಾಲು ಸೋತಿರುತ್ತದೆ, ಮಕ್ಕಳು ಐಸ್‌ಕ್ರೀಮಿಗಾಗಿ ಹಟ ಹಿಡಿದಿರುತ್ತಾರೆ. ಮೇಲಂತಸ್ತಿನ ರಂಗಮಹಲನ್ನು ನಿಂತು ನೋಡುವ ತಾಳ್ಮೆ ಉಳಿದವರು ಕಡಿಮೆ. ಅಲ್ಲಿನ ಗೋಡೆಗಳಲ್ಲಿ ಬಣ್ಣದಲ್ಲಿ ಬರೆದ ಮನೆಗಳನ್ನು ಬರಿಯ ಅಲಂಕಾರವೆಂದು ಬಗೆದು ಮುಂದೆ ಸಾಗುತ್ತಾರೆ.

ಅವು ಅಲಂಕಾರವಲ್ಲ, ಆಟದ ಹಾಸುಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವು ಕಟ್ಟಿದ ಆಟಗಳನ್ನು ಗೋಡೆಗೆ ಏರಿಸಿದ ಜಾಗ ಅದು.

ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಗೋಡೆ ಮೇಲೆ ಕಾಯಿ ಇಟ್ಟರೆ ಬಿದ್ದುಹೋಗ್ತವಲ್ಲಾ ಸಾರ್, ಹೇಗೆ ಆಡ್ತಿದ್ರು?" ಉಳಿದವರು ನಕ್ಕರು. ನಾನು ನಗಲಿಲ್ಲ. ಗುರುತ್ವಾಕರ್ಷಣೆಯ ಪಾಠವನ್ನು ಇಷ್ಟು ಸರಿಯಾಗಿ ಬಳಸಿದ ವಿದ್ಯಾರ್ಥಿನಿಯನ್ನು ನಾನು ಕಂಡಿದ್ದು ಕಡಿಮೆ. ಗೋಡೆಯ ಮೇಲಿನ ಹಾಸು ಆಡುವುದಕ್ಕಲ್ಲ, ತೋರಿಸುವುದಕ್ಕೆ. ಬಂದವರು ನೋಡಲಿ, ನೋಡಿದವರು ನೆನಪಿಡಲಿ ಎಂದು.

ತೋರಿಸುವ ಹಂಬಲ ದೊರೆಗೆ ಏಕೆ ಬಂತು ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು. ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮಗುವನ್ನು ಸಿಂಹಾಸನದ ಮೇಲೆ ಕೂರಿಸಲಾಯಿತು. ನಗರ ಸೀಮೆಯ ರೈತರ ದಂಗೆಯನ್ನು ನೆಪವಾಗಿಸಿಕೊಂಡು ಕಂಪನಿ ಸರ್ಕಾರ 1831ರಲ್ಲಿ ಆಡಳಿತವನ್ನು ಕಸಿದುಕೊಂಡಿತು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 37 ವರ್ಷ, ಅವರು ಹೆಸರಿಗೆ ಮಾತ್ರ ಮಹಾರಾಜರು. ಬೆಂಗಳೂರಿನಲ್ಲಿ ಕಮಿಷನರು ರಾಜ್ಯವಾಳುತ್ತಿದ್ದರೆ, ಮೈಸೂರಿನಲ್ಲಿ ಅರಸರು ರಾಜ್ಯ ಮರಳಿಸಿ ಎಂದು ಮನವಿ ಬರೆಯುತ್ತಿದ್ದರು. ಜಗನ್ಮೋಹನ ಅರಮನೆ ಎದ್ದದ್ದು ಈ ಅವಧಿಯ ಕೊನೆಗೆ, 1861ರಲ್ಲಿ.

ಕೈಯಲ್ಲಿ ಅಧಿಕಾರವಿಲ್ಲದ ಈ ವರ್ಷಗಳಲ್ಲಿ ಅವರು ಪಂಡಿತರನ್ನು, ಚಿತ್ರಕಾರರನ್ನು, ಸಂಗೀತಗಾರರನ್ನು ಸಾಕಿದರು. 'ಶ್ರೀತತ್ತ್ವನಿಧಿ' ಎಂಬ ಬೃಹತ್ ಸಚಿತ್ರ ಗ್ರಂಥವನ್ನು ಸಿದ್ಧಪಡಿಸಿದರು. ಅದರಲ್ಲಿ ಒಂಬತ್ತು ನಿಧಿಗಳು. ಕೊನೆಯದು ಕೌತುಕನಿಧಿ. ಚದುರಂಗ, ಹಾಸಿನ ಆಟ, ಎಲೆಯಾಟಗಳಿಗೆ ಅಲ್ಲಿ ಜಾಗ. 122 ಯೋಗಾಸನಗಳ ಚಿತ್ರಗಳೂ ಅದೇ ನಿಧಿಯಲ್ಲಿವೆ. ದೇಹದ ಆಟ, ಬುದ್ಧಿಯ ಆಟ ಎರಡನ್ನೂ ಒಂದೇ ಕಟ್ಟಿನಲ್ಲಿ ಇಟ್ಟದ್ದು ಮೇಷ್ಟರಾದ ನನಗೆ ಬಹಳ ಹಿಡಿಸಿದ ಸಂಗತಿ. ಆಟವನ್ನು ಗ್ರಂಥಕ್ಕೆ ಸೇರಿಸುವ ಪದ್ಧತಿ ನಮ್ಮ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಆ ಕೆಲಸ ಮಾಡಿದ್ದ.

ಮುಮ್ಮಡಿಯವರ ಎಲೆಯಾಟಗಳಿಗೆ 'ಛದ' ಎಂದು ಹೆಸರು. ನಾವು ಇಸ್ಪೀಟಿನ 52 ಎಲೆಗಳನ್ನೇ ನೆನಪಿಟ್ಟುಕೊಳ್ಳಲಾರದೆ ಒದ್ದಾಡುತ್ತೇವೆ. ಅವರ ಚಾಮುಂಡೇಶ್ವರಿ ಛದದಲ್ಲಿ 16 ಬಣ್ಣ, ಒಂದೊಂದರಲ್ಲೂ 20, ಒಟ್ಟು 320 ಎಲೆ! ದೇವತೆಗಳ ಚಿತ್ರವಿರುವ ಕೈಬರಹದ ಎಲೆಗಳು. ಮೈಸೂರು ಗಂಜೀಫಾ ಎಂದು ಹೆಸರಾಗಿ, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲೆ ಈ ಪರಂಪರೆಯದೇ.

ನನ್ನಂಥವನಿಗೆ ಎಲ್ಲಕ್ಕಿಂತ ರುಚಿಸುವುದು ದೊರೆಯ ಕುದುರೆ. ಚದುರಂಗದ 64 ಮನೆಗಳಲ್ಲಿ ಕುದುರೆ ಒಂದು ಮನೆಗೂ ಎರಡು ಸಲ ಕಾಲಿಡದೆ ಎಲ್ಲವನ್ನೂ ಸುತ್ತಿ ಬರಬೇಕು. ಹೆಜ್ಜೆಹೆಜ್ಜೆಗೆ 1, 2, 3 ಎಂದು ಅಂಕಿ ಬರೆಯುತ್ತ ಹೋಗಿ. ಇಷ್ಟೇ ಕಷ್ಟ. ಅದರ ಮೇಲೆ ಇನ್ನೊಂದು ನಿಬಂಧನೆ: ಅಡ್ಡಸಾಲು ಯಾವುದನ್ನು ಕೂಡಿದರೂ, ಕಂಬಸಾಲು ಯಾವುದನ್ನು ಕೂಡಿದರೂ ಒಂದೇ ಮೊತ್ತ ಬರಬೇಕು. 1ರಿಂದ 64ರವರೆಗಿನ ಮೊತ್ತ 2080. ಎಂಟು ಸಾಲಿಗೆ ಹಂಚಿದರೆ 260. ಇಂಥ ಕುದುರೆ ನಡೆಯ ಮಾಯಾಚೌಕವನ್ನು ಮುಮ್ಮಡಿಯವರು ರಚಿಸಿದ್ದರು. 2003ರಲ್ಲಿ ಗಣಿತಾಸಕ್ತರು ಕಂಪ್ಯೂಟರನ್ನು ಸುಮಾರು ಎರಡು ತಿಂಗಳು ದುಡಿಸಿ, ಇಂಥ ಮೂಲ ವಿನ್ಯಾಸಗಳು ಇರುವುದು ಒಟ್ಟು 140 ಮಾತ್ರ, ಕರ್ಣಗಳಲ್ಲೂ 260 ಬರುವಂಥದು ಒಂದೂ ಇಲ್ಲ ಎಂದು ತೀರ್ಮಾನಿಸಿದರು. ಯಂತ್ರವಿಲ್ಲದ ಕಾಲದಲ್ಲಿ ಕಾಗದ, ಲೇಖನಿ ಹಿಡಿದು ಅಂಥದೊಂದನ್ನು ಕಂಡುಕೊಳ್ಳುವುದೆಂದರೆ ಹುಡುಗಾಟವೇ?

ರಾಜ್ಯ ಕಳೆದುಕೊಂಡವನ ಕಾಲಹರಣ ಎಂದು ಇದನ್ನೆಲ್ಲ ಹಗುರವಾಗಿ ಆಡುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹೊರಗಿನ ಪಟದಲ್ಲಿ ನಿಯಮ ಮಾಡುವವರು ಬೇರೆಯವರು. ಅದನ್ನು ಮುರಿಯುವವರೂ ಅವರೇ. ಈ ಗೋಡೆಯ ಪಟದಲ್ಲಾದರೋ ನಿಯಮ ದೊರೆಯದು, ಅದು ಎಲ್ಲರಿಗೂ ಒಂದೇ. ಇಷ್ಟಾಗಿಯೂ ಅವರು ಹೊರಗಿನ ಆಟವನ್ನು ಬಿಟ್ಟುಕೊಡಲಿಲ್ಲ. ಅವರ ಪಟ್ಟಿನಿಂದ ದತ್ತುಪುತ್ರನಿಗೆ ಮಾನ್ಯತೆ ಸಿಕ್ಕಿತು. 1881ರಲ್ಲಿ ರಾಜ್ಯ ಒಡೆಯರ ಮನೆಗೆ ಮರಳಿತು. ನೋಡಲು ಅವರಿರಲಿಲ್ಲ, ಅಷ್ಟೆ.

ಆದರೆ ಗೋಡೆ ಅರ್ಧ ಕೆಲಸವನ್ನು ಮಾತ್ರ ಮಾಡಬಲ್ಲದು. ನಮ್ಮ ಪ್ರಯೋಗಾಲಯದ ಗಾಜಿನ ಜಾಡಿಯಲ್ಲಿ ಕಪ್ಪೆಯೊಂದಿದೆ. ಅದರ ಕಾಲು, ಕಣ್ಣು ಎಲ್ಲ ಸರಿಯಾಗಿಯೇ ಇವೆ, ಜಿಗಿಯುವುದಿಲ್ಲ. ಆಡುವವರಿಲ್ಲದ ಹಾಸೂ ಹಾಗೆಯೇ. ಮೈಸೂರಿನಲ್ಲೇ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳನ್ನು ನಡೆಸಿ, ಪಗಡೆ, ಅಳಿಗುಳಿಮಣೆ, ಚೌಕಾಬಾರಗಳ ಹಾಸು, ಕಾಯಿ, ದಾಳಗಳನ್ನು ಹೊಸದಾಗಿ ಮಾಡಿಸಿ ಜನರ ಕೈಗೆ ಕೊಟ್ಟಿದ್ದಾರೆ. ಗೋಡೆಯಿಂದ ನೆಲಕ್ಕೆ ಇಳಿಸುವ ಈ ಕೆಲಸ ದೊಡ್ಡದು.

ಪ್ರವಾಸದಿಂದ ಬಂದ ವಾರವೇ ನಾವು ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕಾಬಾರ ಬರೆದೆವು. ಇಪ್ಪತ್ತೆಂಟು ಮಕ್ಕಳಲ್ಲಿ ಆಟ ಗೊತ್ತಿದ್ದವರು ಮೂವರು. ಮೂವರಿಗೂ ಕಲಿಸಿದವರು ಅಜ್ಜಿಯರು. ಉಳಿದವರಿಗೆ ಆ ಮೂವರೇ ಮೇಷ್ಟರಾದರು. ನಾಲ್ಕು ಕವಡೆ ಎಸೆದರೆ 16 ಬಗೆಯಲ್ಲಿ ಬೀಳಬಹುದು. ಎಲ್ಲವೂ ಬಾಯಿ ಮೇಲಾಗಿ ಚೌಕ ಬೀಳುವುದು ಒಂದೇ ಬಗೆ, ಎಲ್ಲವೂ ಬೋರಲಾಗಿ ಬಾರ ಬೀಳುವುದು ಒಂದೇ ಬಗೆ, ಎರಡು ಬೀಳುವುದು ಆರು ಬಗೆ. ಕಪ್ಪುಹಲಗೆಯ ಮೇಲೆ ನಾಲ್ಕು ದಿನ ಹೇಳಿದರೂ ತಲೆಗೆ ಹತ್ತದ ಸಂಭವನೀಯತೆ, ಕಾಯಿ ಕಡಿಸಿಕೊಂಡ ಹುಡುಗನಿಗೆ ಒಂದೇ ಆಟದಲ್ಲಿ ಅರ್ಥವಾಯಿತು. ನಿಜವಾದ ಕವಡೆ ಎರಡು ಬದಿಗೂ ಸಮನಾಗಿ ಬೀಳುವುದಿಲ್ಲವೆಂಬುದನ್ನೂ ಅವನೇ ಎಣಿಸಿ ಕಂಡುಕೊಂಡ.

ಜಗನ್ಮೋಹನ ಅರಮನೆ ಮೈಸೂರಿನ ದೊಡ್ಡ ಅರಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಯಾವ ಭಾಗ ತೆರೆದಿದೆ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ. ಮನೆಯಲ್ಲಿ ಅಜ್ಜಿಯಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಗೋಡೆ ತೋರಿಸುವುದನ್ನು ಮಾತ್ರ ತೋರಿಸುತ್ತದೆ. ಅಜ್ಜಿ ಆಡಿ ತೋರಿಸುತ್ತಾರೆ.