ಬೆಳ್ಳಿಯ ಕಣ, ಧೂಳಿನ ಚುಕ್ಕೆ

ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿ. ಕಲರ್ ಫಿಲ್ಮ್ ತೊಳೆಯುವಾಗ ಬೆಳ್ಳಿಯನ್ನೆಲ್ಲ ಕಳೆದು ಬಣ್ಣವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಕಪ್ಪು-ಬಿಳುಪಿನಲ್ಲಿ ಬೆಳ್ಳಿಯೇ ಉಳಿಯುತ್ತದೆ. ಸ್ಕ್ಯಾನಿಂಗ್‌ನ ಸೊಗಸು, ತೊಡಕು ಎರಡೂ ಶುರುವಾಗುವುದು ಇಲ್ಲಿಂದಲೇ.

ಸ್ಕ್ಯಾನರಿನಲ್ಲಿ ಧೂಳು ಅಳಿಸುವ 'ಡಿಜಿಟಲ್ ಐಸ್' ನಡೆಯುವುದು ಇನ್‌ಫ್ರಾರೆಡ್ ಬೆಳಕಿನಿಂದ. ಆ ಬೆಳಕು ಬಣ್ಣದ ಪದರಗಳನ್ನು ಸಲೀಸಾಗಿ ಹಾಯುತ್ತದೆ, ಧೂಳು ಮತ್ತು ಗೀರಿನ ಹತ್ತಿರ ಮಾತ್ರ ಅದಕ್ಕೆ ತಡೆ ಬೀಳುತ್ತದೆ. ತಡೆ ಬಿದ್ದ ಜಾಗವನ್ನು ಯಂತ್ರ ಅಕ್ಕಪಕ್ಕದ್ದರಿಂದ ತುಂಬಿಬಿಡುತ್ತದೆ. ಆದರೆ ಬೆಳ್ಳಿಯೂ ಇನ್‌ಫ್ರಾರೆಡ್ಡಿಗೆ ಅಡ್ಡ ನಿಲ್ಲುವಂಥದ್ದೇ. ಪ್ರಿಂಟಿನಲ್ಲಿ ಬೆಳ್ಳಗೆ ಕಾಣಬೇಕಾದ ಕಡೆಯೇ ನೆಗೆಟಿವ್‌ನಲ್ಲಿ ಬೆಳ್ಳಿ ದಟ್ಟ. ಹೀಗಾಗಿ ಅಜ್ಜಿಯ ಮೂಗುತಿಯ ಹೊಳಪು, ತಾತನ ಪಂಚೆಯ ಮಡಿಕೆ ಯಂತ್ರಕ್ಕೆ ಕಸವಾಗಿ ಕಾಣುತ್ತವೆ. ಕಪ್ಪು-ಬಿಳುಪಿನಲ್ಲಿ ಇಲ್ಫೋರ್ಡ್ ಎಕ್ಸ್‌ಪಿ2 ಥರದ, ಬಣ್ಣದಿಂದಲೇ ಚಿತ್ರ ಮೂಡುವ ಫಿಲ್ಮಿಗೆ ಮಾತ್ರ ಐಸ್ ಒಗ್ಗುತ್ತದೆ. ಇದೇನೂ ಗುಟ್ಟಲ್ಲ, ಸ್ಕ್ಯಾನರುಗಳ ಕೈಪಿಡಿಯಲ್ಲೇ ಎಚ್ಚರಿಕೆಯಿದೆ. ಅಷ್ಟಾದರೂ ದುಡ್ಡು ತಗೊಂಡು ಸ್ಕ್ಯಾನ್ ಮಾಡಿಕೊಡುವ ಎಷ್ಟೋ ಕಡೆ ಐಸ್ ಆನ್ ಆಗಿಯೇ ಇರುತ್ತದೆ, ಮುಖಗಳು ಮೇಣ ಬಳಿದಂತೆ ಹೊರಬರುತ್ತವೆ. ಒಂದು ಮನೆಯವರು ನೆಗೆಟಿವ್ ಡಬ್ಬಿ ತೆಗೆಯುವುದು ಬಹುಶಃ ಒಂದೇ ಸಲ. ಆಗಲೂ ಕೈಪಿಡಿ ಓದದಿರುವುದು ಅಕ್ಷಮ್ಯ.

ಧೂಳಿಗೆ ಮದ್ದು ಕೈಕೆಲಸವೇ. ಸ್ಕ್ಯಾನಿಗೆ ಮೊದಲು ಬ್ಲೋವರ್, ಮೆತ್ತನೆಯ ಬ್ರಷ್. ಆಮೇಲೆ ಪರದೆಯ ಮೇಲೆ ನೂರು ಪರ್ಸೆಂಟಿಗೆ ಹಿಗ್ಗಿಸಿ ಒಂದೊಂದೇ ಚುಕ್ಕೆ ತೆಗೆಯುವುದು. ಪಾಸಿಟಿವ್‌ನಲ್ಲಿ ಧೂಳು ಬಿಳಿ ಚುಕ್ಕೆ. ಎಮಲ್ಶನ್ ಕಿತ್ತುಹೋದ ಗೀರು ಕಪ್ಪು ಗೆರೆ. ಬಿಳಿಯದು ಬೇಗ ಹೋಗುತ್ತದೆ, ಕಪ್ಪು ಗೆರೆ ಮುಖದ ಮೇಲೆ ಹಾದಿದ್ದರೆ ಸಂಜೆಯೆಲ್ಲ ಹಿಡಿಯುತ್ತದೆ. ಆ ಸಂಜೆ ದಂಡವಲ್ಲ. ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ರೋಲಿನ ಮದುವೆ ಫೋಟೋ ಒಂದನ್ನು ಹೀಗೆ ಚುಕ್ಕೆ ಚುಕ್ಕೆಯಾಗಿ ತಿದ್ದುವಾಗ, ಚಪ್ಪರದ ಹಿಂದಿನ ಸಾಲಿನಲ್ಲಿ ಯಾರು ಯಾರ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ ಎಂಬುದೂ ಕಣ್ಣಿಗೆ ಬೀಳುತ್ತದೆ.

ಉಳಿದದ್ದು ಸುಲಭ. 24×36 ಮಿ.ಮೀ. ಫ್ರೇಮನ್ನು 2400 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಉದ್ದದಲ್ಲಿ ಸುಮಾರು 3400 ಪಿಕ್ಸೆಲ್ ಸಿಗುತ್ತವೆ; 300ರ ಲೆಕ್ಕದಲ್ಲಿ ಪ್ರಿಂಟು 11 ಇಂಚು ದಾಟುತ್ತದೆ. 16 ಬಿಟ್ ಇರಲಿ, ಆಟೋ ಲೆವೆಲ್ಸ್ ಬೇಡ; ಹಿಸ್ಟೋಗ್ರಾಮಿನ ಎರಡೂ ತುದಿಯಲ್ಲಿ ಖಾಲಿ ಜಾಗ ಬಿಟ್ಟು, ಸಪ್ಪೆಯಾಗಿಯೇ ಸ್ಕ್ಯಾನ್ ಮಾಡಬೇಕು. ಕಾಂಟ್ರಾಸ್ಟ್ ಕೂಡಿಸುವುದು ಆಮೇಲೆ, ಪ್ರಿಂಟಿನ ಕಾಗದ ಗೊತ್ತಾದ ಮೇಲೆ: ಮ್ಯಾಟ್ ಕಾಗದದ ಕಪ್ಪು ಬರೈಟಾ ಕಾಗದದಷ್ಟು ಆಳಕ್ಕೆ ಇಳಿಯದು. ಗ್ರೇನನ್ನು, ಅಂದರೆ ಬೆಳ್ಳಿಯ ಕಣಗಳನ್ನು, ನಾಯ್ಸ್ ಎಂದು ಒರೆಸಬಾರದು, ಚಿತ್ರವಿರುವುದೇ ಅದರಲ್ಲಿ. ಪ್ರಿಂಟರಿನಲ್ಲಿ ಬೂದು ಇಂಕುಗಳಿದ್ದರೆ ಗ್ರೇನ್ ಕಾಗದದ ಮೇಲೂ ಬಣ್ಣದ ಛಾಯೆಯಿಲ್ಲದೆ ಉಳಿಯುತ್ತದೆ.