ಮರಳಿ ಬರುವ ಮಾತು

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟ ದಾರಿಯು ತಿಕೋಟಾವನ್ನು ಹಾಯ್ದು, ಅಥಣಿ ಕಾಗವಾಡಗಳನ್ನು ದಾಟಿ, ಮಿರಜವನ್ನು ಮುಟ್ಟುವದು. ಈ ದಾರಿಯ ಧೂಳಿಗೆ ರೋಗಿಗಳ ಪರಿಚಯವು ಹೊಸದಲ್ಲ. ಊರ ವೈದ್ಯನು ಕೈಚೆಲ್ಲಿದ ಮೇಲೆ "ಇನ್ನ ಮಿರಜಕ್ಕ ಒಯ್ರಿ" ಎಂಬ ಮಾತು ಈ ಸೀಮೆಯ ಮನೆಗಳಲ್ಲಿ ಎಷ್ಟೋ ತಲೆಮಾರಿನಿಂದ ಕೇಳಿಬಂದಿದೆ. ಕೆನಡಾದಲ್ಲಿ ಹುಟ್ಟಿ, ಅಮೇರಿಕೆಯ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ ಬಂದ ಡಾಕ್ಟರ ವಿಲ್ಯಮ್ ವಾನ್ಲೆಸ್ಸರು 1894ರಲ್ಲಿ ಅಲ್ಲಿ ದವಾಖಾನೆಯನ್ನು ತೆರೆದರು. ಅದೇ ವರುಷ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕಿಟ್ಟೆಲ್ಲರ ಕನ್ನಡ ಕೋಶವು ಅಚ್ಚಾಗಿ ಹೊರಬಂದಿತು. ಕೋಶವನ್ನು ಕೊಂಡ ಪಂಡಿತರು ಕ್ರೈಸ್ತರಾಗಲಿಲ್ಲ. ಮಿರಜಕ್ಕೆ ಹೋಗಿ ಗುಣ ಹೊಂದಿ ಬಂದವರೂ ತಮ್ಮ ಮನೆದೇವರಿಗೇ ಕಾಯಿ ಒಡೆದರು. ಕೊಟ್ಟವನ ಉದ್ದೇಶವೊಂದು, ಪಡೆದವನ ಉಪಯೋಗವೊಂದು. ಲೋಕದ ವ್ಯವಹಾರವು ಬಹುಶಃ ಹೀಗೆಯೇ ನಡೆಯತಕ್ಕದ್ದು.

ಈ ದಾರಿಯಲ್ಲಿಯೇ ಒಂದು ಶನಿವಾರ ಮುಂಜಾನೆ ವಿಜಯಪುರದ ಕ್ರೈಸ್ತ ಸಭೆಯೊಂದರ ಬಾಡಿಗೆಯ ಬಂಡಿಯು ಔಷಧದ ಪೆಟ್ಟಿಗೆಗಳನ್ನು ಹೇರಿಕೊಂಡು ಹೊರಟಿತು. ಒಳಗೆ ವಯಸ್ಸಾದ ಡಾಕ್ಟರಬಾಯಿ, ಮೂವರು ಪರಿಚಾರಿಕೆಯರು, ಮೇಜು ಹೊರಲಿಕ್ಕೆ ನಾಲ್ಕು ಜನ ಹುಡುಗರು. ಕೊನೆಯ ಆಸನದಲ್ಲಿ ಹೆಸರು ಬರೆಯುವ ವಹಿಯನ್ನು ಎದೆಗವಚಿಕೊಂಡ ಒಬ್ಬ ತರುಣಿ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಾಸೆಲ್ ಮಿಶನ್ನು 1885ರಲ್ಲಿ ಈ ಪಟ್ಟಣದಲ್ಲಿ ನೆಲೆಯೂರಿದಾಗ ಸೇರಿದ ಮನೆತನಗಳಲ್ಲಿ ಅವಳದೂ ಒಂದು. ಅಜ್ಜಿಯು ಬೆಟಗೇರಿಯ ಮಿಶನ್ ದವಾಖಾನೆಯಲ್ಲಿ ಪರಿಚಾರಿಕೆಯಾಗಿದ್ದವಳು. ಸೇವೆಯೆಂದರೇನೆಂಬದು ತನಗೆ ಗೊತ್ತಿದೆಯೆಂದೇ ಅವಳು ತಿಳಿದಿದ್ದಳು.

ಊರು ಇನ್ನೂ ಮುಂದಿರುವಾಗಲೇ ಡಾಕ್ಟರಬಾಯಿಯು ಬಂಡಿಯನ್ನು ನಿಲ್ಲಿಸಿ, "ಪ್ರಾರ್ಥನೆ ಇಲ್ಲೇ ಮುಗಿಸೋಣ. ಅಲ್ಲಿ ಹೋದ ಮ್ಯಾಲ ಬರೇ ಔಷಧ" ಎಂದರು. ಸಭೆಯ ಹಿರಿಯರೊಬ್ಬರಿಗೆ ಇದು ಅಷ್ಟು ಸರಿಬೀಳಲಿಲ್ಲ. ಆದರೂ ಕಣ್ಣು ಮುಚ್ಚಿದರು.

ಆ ಎಚ್ಚರಿಕೆಯು ವ್ಯರ್ಥವಾಗಲಿಲ್ಲ. ತಿಕೋಟಾದ ಆಚೆಯ ಹಳ್ಳಿಯ ಬೇವಿನ ಕಟ್ಟೆಯ ಹತ್ತಿರ ಮೇಜು ಹಾಕಿದ ಕೂಡಲೇ ಪಟಗ ಸುತ್ತಿದ ಮುದುಕನೊಬ್ಬನು ಎಲ್ಲರೆದುರು ಕೇಳಿಯೇ ಬಿಟ್ಟನು: "ಔಷಧದ ಜೋಡಿ ಮತ್ತೇನರ ಕಟ್ಟಳಿ ಐತೇನ್ರಿ, ಬಾಯಾರ?"

"ಐತ್ರಿ ಯಜಮಾನ್ರ. ಊಟ ಆದ ಮ್ಯಾಲ ತಗೋಬೇಕು."

ಜನರು ನಕ್ಕರು, ಸಾಲು ಬೆಳೆಯಿತು. ಮುದುಕನ ಪ್ರಶ್ನೆಯೇನು ತಪ್ಪಾಗಿರಲಿಲ್ಲ. ಪುಕ್ಕಟೆ ಕೊಡುವವನನ್ನು ಒಮ್ಮೆ ಮೇಲೆ ಕೆಳಗೆ ನೋಡುವ ಹಕ್ಕು ಬಡವನಿಗೂ ಉಂಟು.

ಇದನ್ನು ದೂರದ ಸೀಮೆಯೆನ್ನಬಹುದೇ? ತಿಕೋಟಾ ಬಬಲೇಶ್ವರಗಳು ಈಗ ತಾಲೂಕಿನ ಊರುಗಳು. ಇಲ್ಲಿಯ ಒಣದ್ರಾಕ್ಷಿಯು ದೂರದೂರದ ಪೇಟೆಗಳನ್ನು ಕಾಣುವದು. ಆದರೆ ಕಣ್ಣು ಕಾಣದ, ಮಗನು ದುಡಿಯಲಿಕ್ಕೆ ಗೋವೆಗೆ ಹೋದ ಮುದುಕಿಗೆ ಇಪ್ಪತ್ತು ಕಿಲೋಮೀಟರಿನ ವಿಜಯಪುರವೂ ಸಮುದ್ರದಾಚೆಯ ಊರೇ.

ಅಂಥವಳೊಬ್ಬಳು ಮಧ್ಯಾಹ್ನದ ಹೊತ್ತಿಗೆ ಗೋಡೆಯನ್ನು ತಡವುತ್ತ ಬಂದಳು. ಎರಡೂ ಕಣ್ಣಿಗೆ ಪೊರೆ. ಶಸ್ತ್ರಕ್ರಿಯೆಯಿಂದ ಬೆಳಕು ಬರತಕ್ಕದ್ದು. ಆದರೆ ರಕ್ತದೊತ್ತಡ ಬಹಳ ಏರಿದ್ದಿತು. ಹದಿನೈದು ದಿವಸ ತಪ್ಪದೆ ಗುಳಿಗೆ ನುಂಗಿ, ಅದು ಇಳಿದ ಮೇಲೆ ಪಟ್ಟಣದ ಕಣ್ಣಿನ ದವಾಖಾನೆಗೆ ಬರಬೇಕೆಂದು ಡಾಕ್ಟರಬಾಯಿ ಹೇಳಿದರು.

"ಯಾರ ಜೋಡಿ ಬರ್ಲೆವ್ವಾ?" ಎಂದಳು ಮುದುಕಿ.

ತರುಣಿಯು ವಹಿಯಿಂದ ತಲೆಯೆತ್ತಿ, "ನಾ ಬಂದು ಕರಕೊಂಡ ಹೋಗ್ತೀನಿ, ಆಯಿ" ಎಂದಳು. ಮಾತು ಸುಲಭವಾಗಿ ಹೊರಬಂದಿತು. ಇಂಥ ದಿನಗಳ ಉತ್ಸಾಹದಲ್ಲಿ ಯಾವ ಮಾತೂ ಸುಲಭವೇ.

ಮರುಶನಿವಾರ ಬಂಡಿಯು ಜಮಖಂಡಿಯ ದಾರಿ ಹಿಡಿದು, ಸಾರವಾಡದ ಹತ್ತಿರ ಡೋಣಿಯನ್ನು ದಾಟಿ, ಬಬಲೇಶ್ವರದ ಕಡೆಗೆ ಹೋಯಿತು. ಡೋಣಿಯ ನೀರು ಸವಳು, ಅದರ ದಂಡೆಯ ಎರೆಯ ಜೋಳವೋ ಹೆಸರಾದದ್ದು. ಆ ವಿಚಾರ ಇಲ್ಲಿ ಬೇಡ. ಅಲ್ಲಿಯ ಸಾಲಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಹೆಸರು ಹೇಳುವ ಬದಲು ಸೆರಗಿನ ಗಂಟು ಬಿಚ್ಚಿ, ಮಡಿಕೆಗಳಲ್ಲಿ ಹರಿದ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು. ಎರಡು ವರುಷದ ಹಿಂದೆ ಬೇರೆ ಯಾರೋ ಹೀಗೆಯೇ ಬಂದು, ಬರೆದುಕೊಟ್ಟು, ಮತ್ತೆ ಬರುವೆವೆಂದು ಹೋಗಿದ್ದರು.

"ಬರಕೊಳ್ಳಾಕ ಎಲ್ಲಾರೂ ಬರ್ತಾರ, ತಂಗಿ" ಎಂದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ತರುಣಿಗೆ ಅಷ್ಟು ನಾಟುತ್ತಿರಲಿಲ್ಲ.

ಸಂಜೆ ಬಂಡಿಯಲ್ಲಿ ಹುಡುಗರು ಹಾಡುತ್ತಿದ್ದರು. ಅವಳು ವಹಿಯನ್ನು ತಿರುವಿಹಾಕುತ್ತಿದ್ದಳು. ಹೆಸರಿನ ಮುಂದೆ ಕೊಟ್ಟ ಗುಳಿಗೆಯ ಲೆಕ್ಕ ಚೊಕ್ಕಟವಾಗಿದ್ದಿತು. ಗುಳಿಗೆ ತೀರಿದ ಮೇಲೇನೆಂಬದಕ್ಕೆ ವಹಿಯಲ್ಲಿ ಅಂಕಣವಿರಲಿಲ್ಲ. ವಾನ್ಲೆಸ್ಸರು 1889ರಲ್ಲಿ ಈ ದೇಶಕ್ಕೆ ಬಂದವರು 1928ರ ವರೆಗೆ ಕದಲಲಿಲ್ಲ. ವೆಲ್ಲೂರಿನ ಡಾಕ್ಟರ ಐಡಾ ಸ್ಕಡರರು 1909ರಿಂದ ಮೋಟಾರಿನಲ್ಲಿ ಹಳ್ಳಿಗಳ ದಾರಿಬದಿಗೆ ಔಷಧ ಒಯ್ದರು. ಅವರದೂ ಒಂದು ದಿನದ ಪ್ರಯಾಣವೇ, ಆದರೆ ಗೊತ್ತಾದ ದಿನ ಮತ್ತೆ ಅದೇ ದಾರಿಬದಿಗೆ. ಅಜ್ಜಿಯು ಬೆಟಗೇರಿಯ ವಿಷಯ ಹೇಳುವಾಗಲೆಲ್ಲ ಗುಣವಾದವರ ಮಾತಿಗಿಂತ ರಾತ್ರಿಪಾಳಿಯ ಬೇಸರವನ್ನೇ ಹೆಚ್ಚು ಹೇಳುತ್ತಿದ್ದದ್ದು ಅವಳಿಗೆ ಆಗ ನೆನಪಾಯಿತು.

ಹದಿನಾರನೆಯ ದಿವಸ ಅವಳು ಶಾಲೆಗೆ ರಜೆ ಹಾಕಿ ಒಬ್ಬಳೇ ಬಸ್ಸು ಹತ್ತಿದಳು. ಈ ಸಲ ಪೆಟ್ಟಿಗೆಗಳಿಲ್ಲ, ಹಾಡಿಲ್ಲ, ಬೇವಿನ ಕಟ್ಟೆಯಲ್ಲಿ ಕಾಯುವ ಜನವೂ ಇಲ್ಲ. ಮುದುಕಿಯು ಪಡಸಾಲೆಯಲ್ಲಿ ಕುಳಿತು ಕೈಯಂದಾಜಿನಿಂದ ಕಾಳು ಹಸನು ಮಾಡುತ್ತಿದ್ದಳು.

"ಯಾರವ್ವಾ?"

"ನಾನು ಆಯಿ. ಹೆಸರ ಬರಕೊಂಡಾಕಿ."

ಮೊರದ ಮೇಲಿನ ಕೈ ನಿಂತಿತು. ಗುಳಿಗೆಯ ಚೀಟಿಯನ್ನು ತಂದು ತೋರಿಸಿದಳು. ಎರಡು ಗುಳಿಗೆ ಉಳಿದಿದ್ದವು. ತಾನು ಮರೆತ ಎರಡು ದಿವಸಗಳ ಅಪರಾಧಕ್ಕೆ ಕಣ್ಣು ಮಾಡದೆ ಬಿಟ್ಟಾರೋ ಎಂದು ಅಂಜಿದಳು. ಇಲ್ಲವೆಂದ ಮೇಲೆ ಇನ್ನೊಂದು ತೊಡಕು ಹೊರಬಿದ್ದಿತು:

"ನಾ ಬಂದರ ಆಡಿಗೆ ಮೇವು ಯಾರು ಹಾಕ್ತಾರ?"

ಆಡು ಹಿತ್ತಿಲಲ್ಲಿ ಅರಚುತ್ತಿದ್ದಿತು. ತರುಣಿಯು ನೆರೆಮನೆಗೆ ಹೋಗಿ ಕೇಳಿದಳು. ನೆರೆಯವಳು ಮೂರು ದಿವಸವೆಂದರೆ ಮೂರೇ ದಿವಸವೆಂದು ಖಂಡಿತ ಮಾಡಿ ಒಪ್ಪಿದಳು. ಶಿಕ್ಷಕಿಗೆ ಆಡು ಕಟ್ಟಿ ರೂಢಿಯಿಲ್ಲ. ಅದು ಅವಳ ಸೆರಗನ್ನು ಕಚ್ಚಿ ಎಳೆಯುತ್ತಿದ್ದಿತು, ಮುದುಕಿಯು ಬಾಗಿಲಲ್ಲಿ ನಿಂತು ಗಂಟು ಹೇಗೆ ಹಾಕಬೇಕೆಂದು ಹೇಳುತ್ತಿದ್ದಳು, ಬಸ್ಸು ಬರಲಿಕ್ಕೆ ಇನ್ನೂ ಅರ್ಧ ತಾಸು ಇದ್ದಿತು.